ಬೆಟ್ಟದ ಬೇನೆಗೆ ಗುಳಿಗೆ: ನಾಲ್ಕು ದಶಕಗಳ ಪರೀಕ್ಷೆ

ಗೋಕಾಕ, ಮೂಡಲಗಿ, ಹುಕ್ಕೇರಿ ಪಟ್ಟಣಗಳು ಸಮುದ್ರಮಟ್ಟದಿಂದ ಹೆಚ್ಚುಕಡಿಮೆ 2,000 ಅಡಿ ಎತ್ತರದಲ್ಲಿವೆ. ಈ ಭಾಗದಿಂದ ಸೈನ್ಯ ಸೇರಿದ ಯುವಕನಿಗೆ ಲಡಾಖ್‌ಗೆ ವರ್ಗವಾದರೆ ಅವನು ವಿಮಾನದಿಂದ ಇಳಿಯುವ ಲೇಹ್ ಪಟ್ಟಣವೇ ಸುಮಾರು 11,500 ಅಡಿ ಮೇಲಿದೆ. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಒತ್ತಡದ ಮೂರನೇ ಎರಡರಷ್ಟು ಮಾತ್ರ. ಪ್ರತಿ ಉಸಿರಿಗೆ ಸಿಗುವ ಆಮ್ಲಜನಕವೂ ಅಷ್ಟೇ ಕಡಿಮೆ. ತಲೆನೋವು, ವಾಕರಿಕೆ, ನಿದ್ದೆಗೇಡಿನಿಂದ ಶುರುವಾಗುವ ಬೇನೆ ಶ್ವಾಸಕೋಶದಲ್ಲಿ ನೀರು ತುಂಬುವ ಅಥವಾ ಮಿದುಳು ಊದಿಕೊಳ್ಳುವ ಹಂತ ಮುಟ್ಟಿದರೆ ಪ್ರಾಣಕ್ಕೇ ಸಂಚಕಾರ. ಇದನ್ನು ಮೊದಲೇ ತಡೆಯುವ ಗುಳಿಗೆ ಉಂಟೆ?

ಈ ಪ್ರಶ್ನೆ ಭಾರತಕ್ಕೆ ತುರ್ತಿನದಾದದ್ದು 1962ರಲ್ಲಿ. ಚೀನಾದೊಡನೆ ಯುದ್ಧ ನಡೆದಾಗ ಬಯಲು ಪ್ರದೇಶದ ಸೈನಿಕರನ್ನು ತರಾತುರಿಯಲ್ಲಿ ಹಿಮಾಲಯಕ್ಕೆ ಕಳುಹಿಸಲಾಯಿತು. ಎತ್ತರಕ್ಕೆ ಒಗ್ಗಿಕೊಳ್ಳಲು ಅವರಿಗೆ ಸಮಯವಿರಲಿಲ್ಲ. ಸೇನಾ ವೈದ್ಯ ಇಂದರ್ ಸಿಂಗ್ ಮತ್ತು ಸಂಗಡಿಗರು ಈ ಬೇನೆಗೆ ತುತ್ತಾದ 1,925 ಸೈನಿಕರನ್ನು ಅಧ್ಯಯನ ಮಾಡಿ 1969ರಲ್ಲಿ ವರದಿ ಪ್ರಕಟಿಸಿದರು. ರೋಗಿಗಳ ದೇಹದಲ್ಲಿ ನೀರು ಉಳಿದುಕೊಳ್ಳುವುದನ್ನು ಕಂಡ ಅವರು ಮೂತ್ರ ಹೆಚ್ಚಿಸುವ ಫ್ಯೂರೊಸಮೈಡ್ ಔಷಧವನ್ನು ಸೂಚಿಸಿದರು. ತರ್ಕ ಸರಿಯಾಗಿಯೇ ಕಂಡಿತು. ಆದರೆ ಬೇರೆಡೆ ನಡೆದ ಪರೀಕ್ಷೆಗಳಲ್ಲಿ ಅದು ಬೇನೆಯನ್ನು ತಡೆಯುವುದೆಂದು ಸಾಬೀತಾಗಲಿಲ್ಲ. ಎತ್ತರದಲ್ಲಿ ಮೊದಲೇ ಒಣಗುವ ದೇಹದಿಂದ ಇನ್ನಷ್ಟು ನೀರು ಹೊರಹಾಕುವುದು ಅಪಾಯಕ್ಕೂ ದಾರಿ.

ಕೊನೆಗೆ ನೆರವಿಗೆ ಬಂದದ್ದು ಕಣ್ಣಿನ ಒತ್ತಡದ ಕಾಯಿಲೆಗೆ 1950ರ ದಶಕದಿಂದ ಕೊಡುತ್ತಿದ್ದ ಅಸಿಟಾಜೋಲಮೈಡ್. ಡಯಾಮಾಕ್ಸ್ ಎಂಬ ಹೆಸರಿನಲ್ಲಿ ಇದು ಪರಿಚಿತ. ಇದು ರಕ್ತದ ಆಮ್ಲೀಯತೆಯನ್ನು ತುಸು ಹೆಚ್ಚಿಸುತ್ತದೆ. ಅದನ್ನು ಸರಿಪಡಿಸಲು ದೇಹ ತಾನಾಗಿಯೇ ಉಸಿರಾಟ ಹೆಚ್ಚಿಸುತ್ತದೆ. ಹೀಗೆ ದೇಹ ಕೆಲವು ದಿನಗಳಲ್ಲಿ ಮಾಡಿಕೊಳ್ಳುವ ಹೊಂದಾಣಿಕೆಗೆ ಗುಳಿಗೆ ವೇಗ ಕೊಡುತ್ತದೆ.

1976ರಲ್ಲಿ ಹ್ಯಾಕೆಟ್ ಮತ್ತು ರೆನಿ ಎಂಬ ವೈದ್ಯರು ನೇಪಾಳದ ಫೆರಿಚೆಯಲ್ಲಿ ಚಾರಣಿಗರ ಮೇಲೆ ನಡೆಸಿದ ಅಧ್ಯಯನವನ್ನು ಪ್ರಕಟಿಸಿದರು. ವಿಮಾನದಲ್ಲಿ ಲುಕ್ಲಾಕ್ಕೆ ಬಂದಿಳಿದು ಮೇಲೇರಿದವರಿಗೆ ಗುಳಿಗೆಯಿಂದ ಪ್ರಯೋಜನವಾಗಿತ್ತು. ಕಾಠ್ಮಂಡುವಿನಿಂದ ನಡೆದೇ ಬಂದವರಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ದಾರಿಯಲ್ಲಿ ಕಳೆದ ದಿನಗಳೇ ಅವರಿಗೆ ಔಷಧವಾಗಿದ್ದವು.

2004ರಲ್ಲಿ ಪ್ರಕಟವಾದ ಇನ್ನೊಂದು ಪರೀಕ್ಷೆ ಗಿಂಕೊ ಎಂಬ ಗಿಡಮೂಲಿಕೆಯ ಖ್ಯಾತಿಯನ್ನು ಒರೆಗೆ ಹಚ್ಚಿತು. ಎವರೆಸ್ಟ್ ದಾರಿಯ 614 ಚಾರಣಿಗರಿಗೆ ಅಸಿಟಾಜೋಲಮೈಡ್, ಗಿಂಕೊ, ಎರಡೂ ಸೇರಿದ್ದು ಅಥವಾ ಔಷಧವಿಲ್ಲದ ಹುಸಿ ಗುಳಿಗೆ ಕೊಡಲಾಯಿತು. ಯಾರಿಗೆ ಯಾವುದೆಂದು ಕೊಟ್ಟವರಿಗೂ ತಿಳಿಯದು, ನುಂಗಿದವರಿಗೂ ತಿಳಿಯದು. ಹುಸಿ ಗುಳಿಗೆ ನುಂಗಿದವರಲ್ಲಿ ಶೇ 34, ಗಿಂಕೊ ಸೇವಿಸಿದವರಲ್ಲಿ ಶೇ 35 ಮಂದಿಗೆ ಬೇನೆ ಬಂತು. ಅಸಿಟಾಜೋಲಮೈಡ್ ಪಡೆದವರಲ್ಲಿ ಅದು ಶೇ 12 ಮಾತ್ರ. ಗಿಂಕೊ ಏನೂ ನೆರವಾಗದೆ ಹೋಯಿತು. ಆದರೆ ಉತ್ತಮ ಗುಳಿಗೆ ನುಂಗಿದವರಲ್ಲೂ ನೂರಕ್ಕೆ ಹನ್ನೆರಡು ಮಂದಿ ಬಳಲಿದರೆಂಬುದನ್ನು ಮರೆಯುವಂತಿಲ್ಲ.

ಆದ್ದರಿಂದಲೇ ಭಾರತೀಯ ಸೇನೆ ಕಾಲಾವಕಾಶಕ್ಕೆ ಮಹತ್ವ ಕೊಟ್ಟಿದೆ. 9,000 ಅಡಿ ದಾಟಿದ ಮೊದಲ ಹಂತದಲ್ಲಿ ಆರು ದಿನ, 12,000 ಮತ್ತು 15,000 ಅಡಿಗಳ ಮೇಲೆ ತಲಾ ನಾಲ್ಕು ದಿನ ಒಗ್ಗಿಸಿಕೊಳ್ಳುವುದು ಅದರ ಕ್ರಮ. ರಜೆಯ ಮೇಲೆ ಊರಿಗೆ ಬಂದು ದೀರ್ಘಕಾಲ ಉಳಿದ ಯೋಧ ಈ ಹೊಂದಾಣಿಕೆಯನ್ನು ಕಳೆದುಕೊಳ್ಳುತ್ತಾನೆ. ಮರಳಿದಾಗ ಮತ್ತೆ ಒಗ್ಗಿಕೊಳ್ಳಲೇಬೇಕು. ರಜೆ ಮುಗಿಸಿ ಹೋದವರಲ್ಲೂ ಶ್ವಾಸಕೋಶದ ಈ ಬೇನೆ ಕಾಣಿಸಿಕೊಂಡದ್ದು ವೈದ್ಯರ ಗಮನಕ್ಕೆ ಬಂದಿದೆ.

12,500 ಅಡಿಗೂ ಮೇಲಿರುವ ಅಮರನಾಥಕ್ಕೆ ಹೊರಡುವ ನಮ್ಮೂರ ಯಾತ್ರಿಕರಿಗೂ ಈ ಮಾತು ಅನ್ವಯಿಸುತ್ತದೆ. ಗುಳಿಗೆ ಬೇಕೆನಿಸಿದರೆ ವೈದ್ಯರನ್ನು ಕೇಳಿ ತೆಗೆದುಕೊಳ್ಳಬೇಕು. ಸಲ್ಫಾ ಔಷಧ ಒಗ್ಗದವರು ಅದನ್ನು ಮೊದಲೇ ತಿಳಿಸಬೇಕು. ಬೇನೆ ಹೆಚ್ಚಾದರೆ ತಡಮಾಡದೆ ಕೆಳಗಿಳಿಯಬೇಕು. ಇಳಿಯುವುದಕ್ಕೆ ಬದಲಿಯಾಗಬಲ್ಲ ಗುಳಿಗೆ ಇಲ್ಲ.