ಟಿಂಕರ್ ಅಂದ್ರೆ ಕಲಾಯಿಯವನು

ಬೆಂಗಳೂರಿನಲ್ಲಿ ಕಾರಿಗೆ ನೆಗ್ಗು ಬಿದ್ರೆ ನಾವು ಹುಡುಕೋ ಬೋರ್ಡು ‘ಟಿಂಕರಿಂಗ್ ಅಂಡ್ ಪೇಂಟಿಂಗ್’. ನಮ್ಮ ವಿಜಯಪುರದಲ್ಲಿ ಅದೇ ಕೆಲಸಕ್ಕೆ ‘ಡೆಂಟಿಂಗ್ ಪೇಂಟಿಂಗ್’. ಎರಡೂ ಇಂಗ್ಲಿಷ್ ಪದಗಳೇ. ಆದ್ರೆ ಮೊದಲನೆಯದನ್ನ ಇಂಗ್ಲೆಂಡಿನವನ ಮುಂದೆ ಹೇಳಿದ್ರೆ ತಲೆ ಕೆರ್ಕೋತಾನೆ. ಅವರ ಕಡೆ ಟಿಂಕರ್ ಅಂದ್ರೆ ಊರೂರು ತಿರುಗಿ ತೂತು ಬಿದ್ದ, ನೆಗ್ಗಿದ ಪಾತ್ರೆ ಸರಿಮಾಡಿ ಕೊಡ್ತಿದ್ದವನು. ನಮ್ಮ ಮಾತಲ್ಲಿ ಹೇಳೋದಾದ್ರೆ ಕಲಾಯಿಯವನು. ಕಾರು ರಿಪೇರಿಗೆ ಪಾತ್ರೆ ರಿಪೇರಿಯವನ ಹೆಸರು ಯಾಕೆ ಬಂತು ಅಂತ ನಾನು ಯೋಚನೆ ಮಾಡಿದವನೇ ಅಲ್ಲ, ಅಪ್ಪನ ಪದ್ಮಿನಿಯ ಮಡ್‌ಗಾರ್ಡಿಗೆ ಕೈ ಹಾಕೋವರೆಗೂ.

ಪದ್ಮಿನಿ ಅಂದ್ರೆ ಪ್ರೀಮಿಯರ್ ಪದ್ಮಿನಿ, 1994ರದ್ದು, ಕೆಎ-28. ತಿಕೋಟಾ ಹತ್ತಿರದ ನಮ್ಮ ತೋಟದ ಮನೆಯಲ್ಲಿ ಒಣದ್ರಾಕ್ಷಿ ಶೆಡ್ಡಿನ ಪಕ್ಕ ನಿಂತಿದೆ. ಒಂದು ವರ್ಷ ಮನೂಕಕ್ಕೆ ಒಳ್ಳೆ ರೇಟ್ ಸಿಕ್ಕಾಗ ಅಪ್ಪ ಸೆಕೆಂಡ್ ಹ್ಯಾಂಡಲ್ಲಿ ತಂದದ್ದು. ಎಡಗಡೆ ಮುಂದಿನ ಮಡ್‌ಗಾರ್ಡನ್ನ ಅಪ್ಪನೇ ದ್ರಾಕ್ಷಿ ಪಡದ ಕಲ್ಲಿನ ಕಂಬಕ್ಕೆ ತಾಗಿಸಿದ್ದು. ಆಗ ನಗರದ ಒಂದು ಗ್ಯಾರೇಜಿನಲ್ಲಿ ರಿಪೇರಿ ಮಾಡಿಸಿದ್ವಿ. ಮೂರು ವರ್ಷಕ್ಕೆ ಅದೇ ಜಾಗದಲ್ಲಿ ಬಣ್ಣ ಗುಳ್ಳೆ ಎದ್ದು, ಆಮೇಲೆ ಹೆಕ್ಕಳಿಕೆ ಹೆಕ್ಕಳಿಕೆಯಾಗಿ ಉದುರೋಕೆ ಶುರುವಾಯ್ತು. ಈಗ ನೋಂದಣಿ ನವೀಕರಣ ಬಂದಿದೆ. 2022ರ ಏಪ್ರಿಲ್‌ವರೆಗೆ 600 ರೂಪಾಯಿ ಇದ್ದ ಈ ಶುಲ್ಕ ಆಗ ಒಂದೇ ಸಲಕ್ಕೆ 5,000 ಆಗಿತ್ತು. ಅದರ ಮೇಲೆ ಗಾಡಿಯನ್ನ ಆರ್‌ಟಿಓದವರ ಮುಂದೆ ನಿಲ್ಲಿಸಿ ಪಾಸ್ ಮಾಡಿಸಬೇಕು. ಗುಜರಿಯವನು ತೋಟಕ್ಕೇ ಬಂದು ಸುತ್ತ ನೋಡಿ ಕಿಲೋ ಲೆಕ್ಕದಲ್ಲಿ ರೇಟ್ ಹೇಳಿ ಹೋದ. ಅಪ್ಪ ಅವನಿಗೆ ಚಹಾ ಕೊಡಿಸಿದ್ರು, ಉತ್ತರ ಕೊಡಲಿಲ್ಲ. ಅವನು ಹೋದ ಮೇಲೆ ನನಗೆ ಹೇಳಿದ್ದು ಇಷ್ಟೇ: “ತಮ್ಮಾ, ತೂಕಕ್ಕ ಹಾಕಾಕ ಇದೇನ್ ಮನೂಕ ಅಲ್ಲ.”

ತೂಕಕ್ಕೆ ಹಾಕೋ ವಿಷಯದಲ್ಲಿ ನಮ್ಮೂರಿಗೆ ಹಳೇ ಅನುಭವ ಇದೆ. ಶೇರ್ಜಾ ಬುರುಜಿನ ಮೇಲಿನ ಮಲಿಕ್-ಎ-ಮೈದಾನ್ ತೋಪು 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದದ್ದು, ಸುಮಾರು 55 ಟನ್. 1854ರಲ್ಲಿ ಬ್ರಿಟಿಷರು ಅದನ್ನೂ ಹರಾಜಿಗಿಟ್ಟಿದ್ರು. ಬಂದ ಬಿಡ್ 150 ರೂಪಾಯಿ. ಇಷ್ಟು ಕಡಿಮೆಗೆ ಯಾಕೆ ಕೊಡಬೇಕು ಅಂತ ಹರಾಜು ರದ್ದಾಗಿ ತೋಪು ಉಳೀತು.

ಇರ್ಲಿ, ಪದ್ಮಿನಿಗೆ ಬರ್ತೀನಿ. ಒಂದು ವಾರ ರಜೆ ಹಾಕಿ ನಾನೇ ನೆಗ್ಗು ತೆಗೀತೀನಿ ಅಂತ ಕೂತೆ. ಮೊದಲ ಕೆಲಸ ಅಯಸ್ಕಾಂತ ಇಟ್ಟು ನೋಡೋದು. ಫ್ರಿಜ್ ಮೇಲೆ ಅಂಟಿಸ್ತೀವಲ್ಲ, ಅಂಥದ್ದೇ ಸಾಕು. ತಗಡಿದ್ದಲ್ಲಿ ಹಿಡೀತದೆ, ಒಳಗೆ ಪುಟ್ಟಿ ದಪ್ಪಗಿದ್ರೆ ಜಾರಿ ಬೀಳ್ತದೆ. ನಮ್ಮದು ಒಂದು ಗೇಣಿನಷ್ಟು ಜಾಗದಲ್ಲಿ ಹಿಡಿಯಲೇ ಇಲ್ಲ. ಕೆರೆದು ತೆಗೆದ್ರೆ ಹೆಬ್ಬೆರಳು ದಪ್ಪದ ಪುಟ್ಟಿ, ಅದರ ಕೆಳಗೆ ತುಕ್ಕು, ತುಕ್ಕಿನ ಕೆಳಗೆ ಅಪ್ಪ ಹಾಕಿದ ನೆಗ್ಗು ಹಾಕಿದ ಹಾಗೇ ಇತ್ತು! ಗ್ಯಾರೇಜಿನವರು ಅದನ್ನ ತೆಗೆದೇ ಇರಲಿಲ್ಲ, ಬರೀ ತುಂಬಿದ್ರು.

ಪುಟ್ಟಿಗೂ ಒಂದು ಇತಿಹಾಸ ಇದೆ. ಮೊದಲು ನೆಗ್ಗನ್ನ ಬಡಿದು ಎಷ್ಟಾಗ್ತದೋ ಅಷ್ಟು ಸಮ ಮಾಡಿ, ಉಳಿದ ಸಣ್ಣ ತಗ್ಗಿಗೆ ಸೀಸ ಕರಗಿಸಿ ತುಂಬ್ತಿದ್ರು. ಅದಕ್ಕೆ ಬೆಂಕಿ ಬೇಕು, ಕೈ ಪಳಗಿರಬೇಕು, ಆ ಹೊಗೆ, ಪುಡಿ ಎರಡೂ ವಿಷ. 1950ರ ದಶಕದಲ್ಲಿ ಅಮೆರಿಕದಲ್ಲಿ ಪಾಲಿಯೆಸ್ಟರ್ ಪುಟ್ಟಿ ಬಂತು. ರಾಳಕ್ಕೆ ಟಾಲ್ಕ್, ಅಂದ್ರೆ ನಮ್ಮ ಪೌಡರ್ ಡಬ್ಬಿಯಲ್ಲಿರೋ ಅದೇ ಕಲ್ಲಿನ ಪುಡಿ, ಸೇರಿಸಿರ್ತಾರೆ. ಚೂರು ಹಾರ್ಡನರ್ ಕಲಸಿ ಹಚ್ಚಿದ್ರೆ ಹತ್ತು ಇಪ್ಪತ್ತು ನಿಮಿಷಕ್ಕೆ ಗಟ್ಟಿ. ಕೆಟ್ಟ ಸಾಮಾನಲ್ಲ. ಎರಡು ಮೂರು ಮಿಲಿಮೀಟರ್ ಒಳಗಿದ್ರೆ ಬಹಳ ವರ್ಷ ಬಾಳ್ತದೆ. ಆದ್ರೆ ಟಾಲ್ಕ್ ನೀರು ಹೀರ್ತದೆ, ದಪ್ಪ ಪುಟ್ಟಿ ಬಿರುಕು ಬಿಡ್ತದೆ, ಒಳಗೆ ಹೋದ ನೀರು ತಗಡನ್ನ ತಿಂತದೆ. ಸುತ್ತಿಗೆ ಹಿಡಿಯೋಕೆ ಬರದವನೂ ನೆಗ್ಗು ‘ತೆಗೆಯೋಕೆ’ ಶುರು ಮಾಡಿದ್ದು ಈ ಡಬ್ಬಿ ಬಂದ ಮೇಲೆ.

ಹಾಗಾದ್ರೆ ಸುತ್ತಿಗೆಯ ಕೈಗಳು ಇಲ್ಲಿ ಇಷ್ಟು ಬೆಳೆದದ್ದು ಹೇಗೆ? ಜನರಲ್ ಮೋಟರ್ಸ್ 1928ರಲ್ಲೇ ಮುಂಬೈನಲ್ಲಿ ಕಾರು ಜೋಡಿಸೋಕೆ ಶುರು ಮಾಡಿತ್ತು, ಫೋರ್ಡ್ ಕೂಡ ಬಂದಿತ್ತು. 1953ರಲ್ಲಿ ಟ್ಯಾರಿಫ್ ಆಯೋಗದ ವರದಿ ಬಂದ ಮೇಲೆ ಸರಕಾರ ಒಂದು ನಿರ್ಧಾರ ಮಾಡ್ತು: ಬಿಡಿಭಾಗ ತರಿಸಿ ಬರೀ ಜೋಡಿಸೋರು ಮೂರು ವರ್ಷದಲ್ಲಿ ಬಾಗಿಲು ಹಾಕಬೇಕು, ಇಲ್ಲೇ ತಯಾರಿಸೋ ಯೋಜನೆ ಇದ್ದವರು ಮಾತ್ರ ಇರಬಹುದು. ಆ ಇಬ್ಬರೂ ಹೊರಟರು. ಉಳಿದದ್ದರಲ್ಲಿ ದೊಡ್ಡವು ಎರಡು. ಮಾರಿಸ್ ಆಕ್ಸ್‌ಫರ್ಡನ್ನ ಅಂಬಾಸಿಡರ್ ಮಾಡಿದ ಹಿಂದುಸ್ತಾನ್ ಮೋಟರ್ಸ್ ಮತ್ತು ವಾಲಚಂದ್ ಹಿರಾಚಂದರ ಪ್ರೀಮಿಯರ್ ಆಟೋಮೊಬೈಲ್ಸ್. ಪ್ರೀಮಿಯರ್‌ನವರು ಕುರ್ಲಾದಲ್ಲಿ 1964ರಿಂದ ಮಾಡಿದ ಫಿಯೆಟ್ 1100 ಡಿ ಮುಂದೆ 1974ರಲ್ಲಿ ಪದ್ಮಿನಿ ಅನ್ನೋ ಹೆಸರು ಪಡೀತು. ಹೊಸ ಕಾರು ಬುಕ್ ಮಾಡಿದ್ರೆ ವರ್ಷಗಟ್ಟಲೆ ಕಾಯಬೇಕು. ಹೀಗಿರುವಾಗ ಮಡ್‌ಗಾರ್ಡು ನೆಗ್ಗಿತು ಅಂತ ಯಾರು ಬಿಸಾಕ್ತಾರೆ? ಒಂದೇ ಆಕಾರದ ಗಾಡಿ ಮೂವತ್ತು ನಲವತ್ತು ವರ್ಷ ರಸ್ತೆ ಮೇಲೆ ಓಡಿದ್ರಿಂದ ಬಡಿಯೋರಿಗೆ ಅದರ ಒಂದೊಂದು ತಿರುವೂ ಬಾಯಿಪಾಠ. ನಮ್ಮ ಟಿಂಕರ್‌ಗಳ ಪೀಳಿಗೆಯನ್ನ ತಯಾರು ಮಾಡಿದ್ದು ಒಂಥರಾ ಲೈಸೆನ್ಸ್ ರಾಜ್. ಅದರ ಬಗ್ಗೆ ನಮ್ಮ ಆಫೀಸಿನಲ್ಲಿ ಯಾರೂ ಒಳ್ಳೆ ಮಾತಾಡಲ್ಲ, ಅದಕ್ಕೆ ಇದೊಂದನ್ನ ಹೇಳಿದೆ.

ಪುಟ್ಟಿ ಕಿತ್ತ ಮೇಲೆ ಚಕ್ರ ಬಿಚ್ಚಿ ಒಳಗಿನಿಂದ ಕೈ ಹಾಕಿದೆ. ಇಲ್ಲಿ ಒಂದು ಮಾತು. ಕುದಿಯೋ ನೀರು ಸುರಿ, ಹೇರ್ ಡ್ರೈಯರ್ ಹಿಡಿ, ಮಂಜುಗಡ್ಡೆ ತಿಕ್ಕು ಅಂತ ವಿಡಿಯೋಗಳಲ್ಲಿ ನೋಡಿರ್ತೀರಿ. ಬಿಸಿನೀರು ಈಗಿನ ಪ್ಲಾಸ್ಟಿಕ್ ಬಂಪರಿಗೆ ಸರಿ. ಪದ್ಮಿನಿಯ ಉಕ್ಕಿಗೆ ಅದು ಬರೀ ಸ್ನಾನ. ಬಚ್ಚಲಿನ ರಬ್ಬರ್ ಪಂಪು ಗೆರೆ ಬೀಳದ, ಅಗಲವಾದ, ಆಳವಿಲ್ಲದ ನೆಗ್ಗನ್ನ ಮಾತ್ರ ಎಳೀತದೆ. ಕಲ್ಲಿನ ಕಂಬ ಅಂಥ ನೆಗ್ಗು ಹಾಕಲ್ಲ.

ಬೇಕಾದ್ದು ಒಂದು ಸುತ್ತಿಗೆ, ಅದರ ಎದುರಿಗೆ ಹಿಡಿಯೋಕೆ ಒಂದು ಕಬ್ಬಿಣದ ಗಟ್ಟಿ. ಕಸುಬಿನವರು ಅದಕ್ಕೆ ಡಾಲಿ ಅಂತಾರೆ. ನನ್ನ ಹತ್ತಿರ ಇದ್ದದ್ದು ಮನೂಕ ತೂಗೋ ಎರಡು ಕಿಲೋದ ಕಲ್ಲು. ಅದನ್ನೇ ಒಳಗಡೆ ಹಿಡಿದು ಮೇಲಿನಿಂದ ಬಡಿದೆ. ಅರ್ಧ ಗಂಟೆಯಲ್ಲಿ ಒಂದು ನೆಗ್ಗಿದ್ದಲ್ಲಿ ಏಳೆಂಟಾದವು. ತೂಕದ ಕಲ್ಲಿನ ಅಂಚು ಚೂಪು, ಪ್ರತಿ ಏಟಿಗೂ ಒಂದು ಗೆರೆ. ಅಪ್ಪ ಬೇವಿನ ಮರದ ಕೆಳಗೆ ಮಂಚದ ಮೇಲೆ ಕೂತು ಎಲ್ಲಾ ಕೇಳಿಸ್ಕೋತಿದ್ರು. “ನಿಮ್ಮಜ್ಜಿ ತಂಬಿಗಿ ನೆಗ್ಗಿದ್ರ ಕಂಚಗಾರ ಒಳಗ ಗುಂಡನ್ ಕಬ್ಬಿಣ ಇಟ್ಟು ಬಡೀತಿದ್ದ. ನೀ ಚಪ್ಪಟಿ ಕಲ್ ಇಟ್ಟೀಯಲ್ಲೋ” ಅಂದ್ರು.

ಅಲ್ಲಿಗೆ ಟಿಂಕರ್ ಪದದ ಗಂಟು ಬಿಚ್ಚಿತು. ತಂಬಿಗೆ, ಕೊಡ, ಹಂಡೆಗಳ ಉಬ್ಬಿನೊಳಗೆ ಅದೇ ಉಬ್ಬಿಗೆ ಹೊಂದೋ ಕಬ್ಬಿಣ ಇಟ್ಟು ಹೊರಗಿನಿಂದ ಸಣ್ಣ ಸಣ್ಣ ಏಟು ಹಾಕೋದು ಕಂಚಗಾರರ ಕೆಲಸ. ಪುಣೆಯ ತಾಂಬಟ ಆಳಿಯಲ್ಲಿ ಪೇಶ್ವೆಗಳ ಕಾಲದಿಂದ ಇರೋ ತಾಂಬಟರು ಇದನ್ನ ಮಠಾರ್ ಕಾಮ್ ಅಂತಾರೆ. ಏಟು ಲೋಹವನ್ನ ಗಟ್ಟಿ ಮಾಡ್ತದೆ, ಮೈಯನ್ನ ಸಮ ಮಾಡ್ತದೆ. ಮಡ್‌ಗಾರ್ಡು ಅಂದ್ರೆ ಮಗ್ಗುಲಾಗಿ ಮಲಗಿದ ದೊಡ್ಡ ಹಂಡೆ. ತಾಮ್ರದ ಬದಲು ಉಕ್ಕು, ವ್ಯತ್ಯಾಸ ಅಷ್ಟೇ.

ಮರುದಿನ ಅಪ್ಪನ ಪರಿಚಯದ ಒಬ್ಬ ಉಸ್ತಾದರನ್ನ ಹುಡುಕ್ಕೊಂಡು ಬಬಲೇಶ್ವರಕ್ಕೆ ಹೋದೆ. ಎಪ್ಪತ್ತರ ಹತ್ತಿರದವರು. ಸೊಲ್ಲಾಪುರದಲ್ಲಿ ಅಂಬಾಸಿಡರ್ ಟ್ಯಾಕ್ಸಿಗಳ ಮೇಲೆ ಕೈ ಪಳಗಿಸಿದವರು. ಅವರ ಮನೆತನ ಕಂಚಗಾರರದ್ದು ಅಂದಿದ್ರೆ ನನ್ನ ಬರಹ ಚೆಂದ ಆಗ್ತಿತ್ತು, ಆದ್ರೆ ಅವರಪ್ಪ ಹಮಾಲಿ ಮಾಡ್ತಿದ್ದವರು. ಫೋನಿನಲ್ಲಿದ್ದ ಫೋಟೋ ನೋಡಿ ನಕ್ಕರು.

“ಇಂಜಿನಿಯರ್ ಸಾಹೇಬ್ರ, ತಗ್ಗಿನ್ಯಾಗ ಯಾಕ್ ಬಡೀತೀರಿ? ಗುಡ್ಡ ಇಳಸ್ರಿ, ತಗ್ಗು ತಾನ ಏಳತೈತಿ.”

ಏಟು ಬಿದ್ದಾಗ ಮೊದಲು ನಡು ತಗ್ಗಾಗ್ತದೆ, ಆಮೇಲೆ ಸುತ್ತ ಒಂದು ದಿಣ್ಣೆ ಏಳ್ತದೆ. ಆ ದಿಣ್ಣೆಯೇ ತಗ್ಗನ್ನ ಬೀಗ ಹಾಕಿದ ಹಾಗೆ ಹಿಡ್ಕೊಂಡಿರ್ತದೆ. ಒಳಗಿನಿಂದ ತಗ್ಗಿಗೆ ಡಾಲಿ ಒತ್ತಿ ಹಿಡಿದು, ಮೇಲಿನಿಂದ ದಿಣ್ಣೆಯನ್ನ ಅಂಚಿನಿಂದ ಬಡೀತಾ ಬರಬೇಕು. ಕೊನೆಗೆ ಆದದ್ದು ಮೊದಲು ಹೋಗಬೇಕು. ನಾವು ಕಾಲೇಜಿನಲ್ಲಿ ಸ್ಟ್ಯಾಕ್ ಅಂತ ಓದಿದ್ದು ಇದನ್ನೇ, ನನಗೆ ಹೊಳೆದಿರಲಿಲ್ಲ. ಡಾಲಿಯ ನೆತ್ತಿಗೇ ನೇರ ಬಡಿದ್ರೆ ತಗಡು ತೆಳುವಾಗಿ ಹಿಗ್ತದೆ. ಹಿಗ್ಗಿದ ತಗಡು ಎಣ್ಣೆ ಡಬ್ಬಿಯ ತಳದ ಹಾಗೆ ಒತ್ತಿದ್ರೆ ಒಳಗೆ, ಬಿಟ್ರೆ ಹೊರಗೆ, ಟಕ್ ಟಕ್ ಅಂತದೆ. ನಾನು ಅಷ್ಟೊತ್ತಿಗೆ ಒಂದು ಕಡೆ ಹಾಗೆ ಮಾಡಿಯೂ ಆಗಿತ್ತು. ಅದಕ್ಕೆ ಮದ್ದು ರೂಪಾಯಿ ನಾಣ್ಯದಷ್ಟು ಜಾಗವನ್ನ ಕೆಂಪಗೆ ಕಾಯಿಸಿ, ಮೆಲ್ಲಗೆ ತಟ್ಟಿ, ಒದ್ದೆ ಬಟ್ಟೆ ಒತ್ತೋದು. ಕುಗ್ತದೆ. ಅದನ್ನ ಮನೆಯಲ್ಲಿ ಮಾಡಬೇಡ ಅಂತ ಹೇಳಿ ಉಸ್ತಾದರೇ ಗ್ಯಾಸ್ ತಗೊಂಡು ತೋಟಕ್ಕೆ ಬಂದ್ರು.

ಡಾಲಿಗೆ ಅಂತ ಅವರು ಕೊಟ್ಟದ್ದು ರೈಲು ಹಳಿಯ ತುಂಡನ್ನ ಉಜ್ಜಿ ದುಂಡು ಮಾಡಿದ್ದು. ಎರಡು ದಿನ ಬಡಿದೆ. ಕಣ್ಣಿಗಿಂತ ಅಂಗೈ ಚುರುಕು ಅಂತ ಅವರೇ ಹೇಳಿದ್ದು. ತೆಳು ಬಟ್ಟೆ ಇಟ್ಟು ಅದರ ಮೇಲೆ ಕೈ ಆಡಿಸಿದ್ರೆ ಕಾಗದದಷ್ಟು ಏರಿಳಿತವೂ ಗೊತ್ತಾಗ್ತದೆ. ಕೊನೆಗೆ ಹಚ್ಚಿದ ಪುಟ್ಟಿ ಒಂದು ಮಿಲಿಮೀಟರ್ ಇರಬಹುದು. ಮೇಲೆ ಪ್ರೈಮರ್, ಅದರ ಮೇಲೆ ಡ್ಯೂಕೋ. ಡ್ಯೂಕೋ ಅನ್ನೋದು 1923ರಲ್ಲಿ ಡ್ಯುಪಾಂಟ್ ಕಂಪನಿ ತಂದ ಬಣ್ಣದ ಹೆಸರು. ಅದಕ್ಕೂ ಮೊದಲು ಕಾರಿನ ಬಣ್ಣ ಒಣಗೋಕೆ ವಾರಗಟ್ಟಲೆ ಹಿಡೀತಿತ್ತು. ನಮ್ಮಲ್ಲಿ ಯಾವ ಕಂಪನಿಯ ಬಣ್ಣ ಹೊಡೆದ್ರೂ ಇನ್ನೂ ಡ್ಯೂಕೋನೇ.

ಉಸ್ತಾದರ ಮಕ್ಕಳಿಬ್ಬರೂ ಈ ಕೆಲಸದಲ್ಲಿಲ್ಲ. 1983ರ ಡಿಸೆಂಬರ್ 14ರಂದು ಮಾರುತಿ 800ರ ಮೊದಲ ಕೀಲಿ ಕೊಟ್ಟಾಗಲೇ ಇದು ಶುರುವಾಗಿತ್ತು ಅಂತ ಈಗ ಅನ್ನಿಸ್ತದೆ. ತಗಡು ತೆಳುವಾಯ್ತು, ಬಿಡಿಭಾಗ ಅಂಗಡಿಯಲ್ಲಿ ಸಿಗೋಕೆ ಶುರುವಾಯ್ತು. ಈಗ ಡೋರು ನೆಗ್ಗಿದ್ರೆ ಡೋರೇ ಬದಲಿ, ಇನ್ಶೂರೆನ್ಸ್ ಕೊಡ್ತದೆ. ಎರಡು ದಿನ ಬಡಿಯೋ ಕೂಲಿ ಹೊಸ ತಗಡಿಗಿಂತ ಜಾಸ್ತಿ. ಅಮೆರಿಕದಲ್ಲಿ ಆಲಿಕಲ್ಲು ಬಿದ್ರೆ ಬಣ್ಣ ಕೆಡದ ಹಾಗೆ ನೆಗ್ಗು ಎಬ್ಬಿಸೋರಿಗೆ ಸುಗ್ಗಿಯಂತೆ. ನಮ್ಮ ತಿಕೋಟಾದಲ್ಲಿ ಆಲಿಕಲ್ಲು ಬಿದ್ರೆ ದ್ರಾಕ್ಷಿ ಹೋಯ್ತು, ಕಾರಿನ ಕಡೆ ಯಾರು ನೋಡ್ತಾರೆ? ಅಂಬಾಸಿಡರ್ 2014ರಲ್ಲಿ ನಿಂತಿತು. ಮುಂಬೈನ ಕೊನೆಯ ಪದ್ಮಿನಿ ಟ್ಯಾಕ್ಸಿ ಇಪ್ಪತ್ತು ವರ್ಷದ ಗಡುವು ಮುಗಿದು 2023ರ ಅಕ್ಟೋಬರ್‌ನಲ್ಲಿ ಇಳೀತು. ಉಸ್ತಾದರಿಗೆ ಆ ಸುದ್ದಿ ಹೇಳಿದೆ. “ಹೂಂ” ಅಂದು ಡಾಲಿಯನ್ನ ಎಣ್ಣೆ ಬಟ್ಟೆಯಲ್ಲಿ ಒರೆಸಿ ಚೀಲಕ್ಕೆ ಹಾಕ್ಕೊಂಡ್ರು. ಕೂಲಿ ಎಷ್ಟು ಅಂದ್ರೆ ಗ್ಯಾಸಿನ ದುಡ್ಡಷ್ಟೇ ಇಸ್ಕೊಂಡ್ರು.

ಗಾಡಿ ಪಾಸಾಯ್ತು, ಇನ್ನೈದು ವರ್ಷ. ಸಂಜೆ ಇಳಿಬಿಸಿಲು ಓರೆಯಾಗಿ ಬಿದ್ದಾಗ ಮಡ್‌ಗಾರ್ಡಿನ ಮೇಲೆ ಒಂದು ಕಡೆ ನೆರಳು ಸ್ವಲ್ಪ ಸೊಟ್ಟ ಕಾಣ್ತದೆ, ನಾನು ತೂಕದ ಕಲ್ಲು ಹಿಡಿದಿದ್ದ ಜಾಗ. ಅಪ್ಪ ಅದರ ಮೇಲೆ ಅಂಗೈ ಇಟ್ಟು ನೋಡಿದ್ರು. “ಇದು ನಿಂದು” ಅಂದ್ರು.