ನೀಲಾಂಜನೆಯ ನೃತ್ಯ, ಕಲ್ಯದ ಕಲ್ಲು

ರಾಮನಗರದ ರಾಮದೇವರ ಬೆಟ್ಟದ ಸೀಮೆಯಲ್ಲಿ ಒಂದು ಹಳ್ಳಿಯನ್ನು ಹುಡುಕಿಕೊಂಡು ಬರುವ ಯಾತ್ರಿಕರು ಇಂದಿಗೂ ಇದ್ದಾರೆ. ಆ ಹಳ್ಳಿಯ ಹೆಸರು ರಾಮಗಢ. ರಮೇಶ್ ಸಿಪ್ಪಿಯವರ ‘ಶೋಲೆ’ ಚಿತ್ರಕ್ಕಾಗಿ 1973ರಲ್ಲಿ ಮನೆ, ಗುಡಿ, ನೀರಿನ ತೊಟ್ಟಿಗಳ ಸಹಿತವಾಗಿ ಅದನ್ನು ಇಲ್ಲಿ ಕಟ್ಟಲಾಗಿತ್ತು. ಚಿತ್ರೀಕರಣ ಮುಗಿದ ಮೇಲೆ ಕಿತ್ತೂ ಹಾಕಲಾಯಿತು. 1975ರ ಆಗಸ್ಟ್ 15ರಂದು ಚಿತ್ರ ತೆರೆಗೆ ಬಂದು ಅರ್ಧ ಶತಮಾನ ಸಂದಿದೆ. ಎಂದೂ ಯಾರೂ ಬಾಳದ ಊರು ಜನರ ನೆನಪಿನಲ್ಲಿ ಮಾತ್ರ ಗಟ್ಟಿಯಾಗಿ ನಿಂತಿದೆ. ಅದೇ ಸೀಮೆಯ ಮಾಗಡಿ ತಾಲ್ಲೂಕಿನಲ್ಲಿ ಕಲ್ಯವೆಂಬ ಗ್ರಾಮವಿದೆ. ಅಲ್ಲಿ ಜೈನರು ನಿಜವಾಗಿ ಬಾಳಿದ್ದರು, ವ್ಯಾಪಾರ ಮಾಡಿದ್ದರು, ತಮ್ಮ ಧರ್ಮಕ್ಕೆ ತೊಡಕು ಬಂದಾಗ ಚಕ್ರವರ್ತಿಯ ಬಾಗಿಲಿಗೆ ಹೋಗಿದ್ದರು. ಅದಕ್ಕೆ 1368ರ ಶಾಸನ ಸಾಕ್ಷಿಯಾಗಿದೆ. ಆದರೆ ಶ್ರಾವಕರ ಮನೆಗಳಲ್ಲಿಯೇ ಕಲ್ಯದ ಹೆಸರು ಕೇಳಿಬರುವುದು ಅಪರೂಪ.

ಇದನ್ನು ಚಲನಚಿತ್ರದ ದೋಷವೆಂದು ಹೇಳಿ ಮುಗಿಸುವುದು ಸುಲಭ. ಪೂರ್ವಾಚಾರ್ಯರು ಹಾಗೆ ಮುಗಿಸುತ್ತಿರಲಿಲ್ಲ. ತೋರಿಕೆಯ ವಸ್ತುವನ್ನು ಜೈನದರ್ಶನ ಸಾರಾಸಗಟಾಗಿ ತಿರಸ್ಕರಿಸಿಲ್ಲ. ಅದಕ್ಕೊಂದು ಸ್ಥಾನವನ್ನು ಕೊಟ್ಟಿದೆ. ತತ್ತ್ವಾರ್ಥಸೂತ್ರವು ನಾಮ, ಸ್ಥಾಪನಾ, ದ್ರವ್ಯ, ಭಾವ ಎಂದು ನಾಲ್ಕು ನಿಕ್ಷೇಪಗಳನ್ನು ಹೇಳುತ್ತದೆ. ಕನ್ನಡ ನಾಡಿನಲ್ಲಿ ಬಾಳಿದ ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಸ್ಥಾಪನೆಯನ್ನು ವಿವರಿಸುವಾಗ ಮರಗೆಲಸವನ್ನೂ ಚಿತ್ರವನ್ನೂ ಪಗಡೆಯ ದಾಳವನ್ನೂ ಉದಾಹರಿಸುತ್ತಾರೆ: ಒಂದು ವಸ್ತುವಿನಲ್ಲಿ ‘ಇದು ಅದೇ’ ಎಂದು ಮತ್ತೊಂದನ್ನು ಇರಿಸುವುದೇ ಸ್ಥಾಪನೆ. ಚನ್ನಪಟ್ಟಣದ ಕುಶಲಿಯು ಹಾಲೆ ಮರವನ್ನು ಕಡೆದು, ಅರಗಿನ ಬಣ್ಣ ಹಚ್ಚಿ ಮಾಡಿದ ಕುದುರೆ ಈ ಮಾತಿಗೆ ಒಳ್ಳೆಯ ನಿದರ್ಶನ. ಮಗು ಅದನ್ನು ಕುದುರೆಯೆಂದೇ ಕರೆಯುತ್ತದೆ, ಅದರಲ್ಲಿ ತಪ್ಪಿಲ್ಲ. ಆದರೆ ಅದಕ್ಕೆ ಹುಲ್ಲು ಹಾಕುವುದು ಆಟದ ಹೊತ್ತಿಗೆ ಮಾತ್ರ. ಹಸಿವಾದಾಗ ಆಟವನ್ನು ಬಿಟ್ಟು ತಾಯಿಯ ಬಳಿಗೆ ಓಡುತ್ತದೆ. ಜಿನಬಿಂಬವೂ ಸ್ಥಾಪನೆಯೇ. ಅದರ ಮುಂದೆ ಕೈಮುಗಿದವನು ಕಲ್ಲನ್ನು ಕೇವಲಿಯೆಂದು ಭ್ರಮಿಸುವುದಿಲ್ಲ. ಕಲ್ಲಿನ ಮೂಲಕ ಕೇವಲಿಯ ಗುಣಗಳನ್ನು ನೆನೆಯುತ್ತಾನೆ. 2018ರ ಮಹಾಮಸ್ತಕಾಭಿಷೇಕವನ್ನು ಟಿ.ವಿ.ಯಲ್ಲಿ ಕಂಡವರಿಗೂ, 2020ರಲ್ಲಿ ಕೊರೋನಾ ಕಾಲದಲ್ಲಿ ಬಸದಿಗಳ ಬಾಗಿಲು ಮುಚ್ಚಿದಾಗ ಮೊಬೈಲಿನ ಪರದೆಯಲ್ಲಿ ಪೂಜೆ ನೋಡಿದವರಿಗೂ ದೊರೆತದ್ದು ಸ್ಥಾಪನೆಯ ಮೇಲಿನ ಸ್ಥಾಪನೆ. ಅದು ನಿಷ್ಫಲವೆನ್ನುವಂತಿಲ್ಲ. ಬಾಗಿಲು ತೆರೆದ ಬಳಿಕವೂ ಪರದೆಯೇ ಸಾಕೆನ್ನಿಸಿದವರ ಸಂಗತಿ ಬೇರೆ.

ಈ ಭೇದವನ್ನು ಪುರಾಣದಲ್ಲಿ ಅತ್ಯಂತ ತೀಕ್ಷ್ಣವಾಗಿ ಕಾಣಿಸಿದ ಪ್ರಸಂಗ ನೀಲಾಂಜನೆಯದು. ಒಂಬತ್ತನೆಯ ಶತಮಾನದಲ್ಲಿ ಜಿನಸೇನಾಚಾರ್ಯರು ಸಂಸ್ಕೃತದಲ್ಲಿ ಹೇಳಿದ ಈ ಕಥೆಯನ್ನು ಪಂಪನು 941ರ ಸುಮಾರಿಗೆ ಆದಿಪುರಾಣದಲ್ಲಿ ಕನ್ನಡಿಗರದನ್ನಾಗಿ ಮಾಡಿದನು. ವೃಷಭದೇವನ ಆಯುಷ್ಯದಲ್ಲಿ 83 ಲಕ್ಷ ಪೂರ್ವಗಳು ಕಳೆದಿದ್ದವು. ಉಳಿದದ್ದು ಒಂದೇ ಲಕ್ಷ. ಸ್ವಾಮಿಗೆ ವೈರಾಗ್ಯ ಮೂಡಲೆಂದು ಇಂದ್ರನು ಆಯುಷ್ಯ ಮುಗಿಯುತ್ತಿದ್ದ ನೀಲಾಂಜನೆಯನ್ನು ಆಸ್ಥಾನದಲ್ಲಿ ನರ್ತಿಸಲು ನೇಮಿಸಿದನು. ನೃತ್ಯದ ನಡುವೆಯೇ ಅವಳ ದೇಹ ಮಿಂಚಿನಂತೆ ಅಡಗಿತು. ರಸಭಂಗವಾಗದಿರಲೆಂದು ಇಂದ್ರನು ಆ ಕ್ಷಣವೇ ಅವಳಂತೆಯೇ ಇರುವ ಮತ್ತೊಬ್ಬ ನರ್ತಕಿಯನ್ನು ನಿರ್ಮಿಸಿದನು. ಅದೇ ರೂಪ, ಅದೇ ಹೆಜ್ಜೆ, ಅದೇ ತಾಳ. ಸಭೆ ನೋಡುತ್ತಲೇ ಇತ್ತು; ಯಾರಿಗೂ ಏನೂ ತಿಳಿಯಲಿಲ್ಲ. ಕಂಡವನು ಅವಧಿಜ್ಞಾನಿಯಾದ ವೃಷಭನೊಬ್ಬನೇ.

ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದುಂಟು. ಸಭಾಸದರು ನಿದ್ರಿಸುತ್ತಿರಲಿಲ್ಲ. ಅವರು ಕಣ್ಣು ಬಿಟ್ಟು, ಏಕಾಗ್ರರಾಗಿ, ರಸಿಕರಾಗಿಯೇ ಕುಳಿತಿದ್ದರು. ಆದರೂ ಅವರ ಕಣ್ಣೆದುರಿನಲ್ಲೇ ಒಂದು ಸಾವು ಸಂಭವಿಸಿ ಗಮನಕ್ಕೆ ಬಾರದೆ ಹೋಯಿತು. ಸ್ವಾಮಿಯೂ ಅದೇ ನೃತ್ಯವನ್ನು ಅದೇ ಆಸನದಿಂದ ನೋಡಿದನು. ಸಭೆಯಿಂದ ಎದ್ದುಹೋಗಲಿಲ್ಲ, ಕಣ್ಣು ಮುಚ್ಚಿಕೊಳ್ಳಲಿಲ್ಲ. ಮಥುರೆಯ ಕಂಕಾಲಿ ಟೀಲಾದಲ್ಲಿ ದೊರೆತು ಈಗ ಲಖನೌ ವಸ್ತುಸಂಗ್ರಹಾಲಯದಲ್ಲಿರುವ ಪ್ರಾಚೀನ ಫಲಕವೊಂದರಲ್ಲಿ ವಿದ್ವಾಂಸರು ಈ ನೃತ್ಯವನ್ನೇ ಗುರುತಿಸಿದ್ದಾರೆ. ಪಂಪನಿಗಿಂತ ಬಹು ಹಿಂದೆಯೇ ಈ ಕಥೆ ಜೈನಸಮಾಜದ ಮನಸ್ಸನ್ನು ಹಿಡಿದಿತ್ತೆಂದು ಇದರಿಂದ ಊಹಿಸಬಹುದು.

ಕಣ್ಣು ತೆರೆದಿದ್ದರೂ ಎಚ್ಚರವಿಲ್ಲದಿರುವ ಈ ಸ್ಥಿತಿಯನ್ನು ಕರ್ಮಸಿದ್ಧಾಂತವು ಲೆಕ್ಕಹಾಕಿಯೇ ಹೇಳಿದೆ. ದರ್ಶನಾವರಣೀಯ ಕರ್ಮದ ಒಂಬತ್ತು ಭೇದಗಳಲ್ಲಿ ಐದು ನಿದ್ರೆಗೆ ಸಂಬಂಧಿಸಿದವು: ನಿದ್ರಾ, ನಿದ್ರಾನಿದ್ರಾ, ಪ್ರಚಲಾ, ಪ್ರಚಲಾಪ್ರಚಲಾ, ಸ್ತ್ಯಾನಗೃದ್ಧಿ. ಇವುಗಳಲ್ಲಿ ಕೊನೆಯದು ಅತ್ಯಂತ ಘೋರವಾದುದು. ಅದರ ಉದಯದಲ್ಲಿ ಜೀವನು ನಿದ್ರೆಯಲ್ಲೇ ಎದ್ದು, ಹಗಲಿನಲ್ಲಿ ಇಲ್ಲದ ಬಲದಿಂದ ಕ್ರೂರಕಾರ್ಯಗಳನ್ನು ಮಾಡುತ್ತಾನೆ. ಬೆಳಗ್ಗೆ ಅವನಿಗೆ ಅದರ ಅರಿವಿಲ್ಲ. ಮುಖ ಕಾಣದ ಪರದೆಯ ಹಿಂದೆ ನಿಂತು, ಎದುರಿಗೆ ಆಡಲಾರದ ಕಟುಮಾತನ್ನು ಅಪರಿಚಿತರಿಗೆ ಬರೆದು ಮರುದಿನ ಮರೆತುಬಿಡುವವನ ಅವಸ್ಥೆಗೆ ಇದಕ್ಕಿಂತ ಸಮೀಪದ ಉಪಮೆ ದೊರೆಯುವುದು ಕಷ್ಟ. ಚಾವುಂಡರಾಯನ ಗುರುಗಳಾದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಗೊಮ್ಮಟಸಾರದಲ್ಲಿ ಹೇಳಿದ 15 ಪ್ರಮಾದಗಳಲ್ಲಿ ನಿದ್ರೆ ಒಂದಾದರೆ ವಿಕಥೆಗಳು ನಾಲ್ಕು. ಮಲಗಿ ಕಳೆದ ಹೊತ್ತಿಗಿಂತ ಹರಟೆಯಲ್ಲಿ ಕಳೆದ ಹೊತ್ತಿಗೆ ಆಚಾರ್ಯರು ಹೆಚ್ಚು ಕವಲುಗಳನ್ನು ಕಂಡಿದ್ದಾರೆ.

ಕನಸಿನ ವಿಷಯಕ್ಕೆ ಬಂದರೆ ಇತಿಹಾಸವೇ ಒಂದು ಪಾಠವನ್ನು ಇಟ್ಟಿದೆ. ಚಂದ್ರಗುಪ್ತನ 16 ಸ್ವಪ್ನಗಳ ಕಥೆ ಜೈನರ ಮನೆಮನೆಗೂ ಪರಿಚಿತ. ಹನ್ನೆರಡು ಹೆಡೆಯ ಸರ್ಪವು ಹನ್ನೆರಡು ವರ್ಷಗಳ ಕ್ಷಾಮವನ್ನು ಸೂಚಿಸುತ್ತದೆಂದು ಭದ್ರಬಾಹುಸ್ವಾಮಿಗಳು ಅರ್ಥ ಹೇಳಿದರಂತೆ. ಈ ಕಥೆ ರತ್ನನಂದಿಯ ಭದ್ರಬಾಹುಚರಿತೆಯಲ್ಲಿಯೂ ಹತ್ತೊಂಬತ್ತನೆಯ ಶತಮಾನದ ದೇವಚಂದ್ರನ ರಾಜಾವಳೀ ಕಥೆಯಲ್ಲಿಯೂ ಬರುತ್ತದೆ. ಆದರೆ ಚಂದ್ರಗಿರಿಯ ಮೇಲಿರುವ, ಕ್ರಿ.ಶ. 600ರ ಸುಮಾರಿನ ಅತ್ಯಂತ ಹಳೆಯ ಶಾಸನದಲ್ಲಿ ರಾಜನ ಕನಸಿನ ಪ್ರಸ್ತಾಪವಿಲ್ಲ. ಅಷ್ಟಾಂಗ ಮಹಾನಿಮಿತ್ತವನ್ನು ಬಲ್ಲ ಭದ್ರಬಾಹುಗಳು ಉಜ್ಜಯಿನಿಯಲ್ಲಿ ಹನ್ನೆರಡು ವರ್ಷಗಳ ಕಾಲವೈಷಮ್ಯವನ್ನು ಮುಂಗಂಡು ತಿಳಿಸಿದರು, ಸಂಘವು ದಕ್ಷಿಣಾಪಥಕ್ಕೆ ಹೊರಟಿತು ಎಂಬಷ್ಟನ್ನೇ ಅದು ಹೇಳುತ್ತದೆ. ಅಷ್ಟಾಂಗಗಳಲ್ಲಿ ಸ್ವಪ್ನವೂ ಒಂದು ಅಂಗವೇ. ಜೊತೆಗೆ ಅಂತರಿಕ್ಷ, ಭೌಮ, ಸ್ವರ ಮೊದಲಾದ ಇನ್ನೂ ಏಳುಂಟು. ಎಂಟನ್ನೂ ಓದುವವನು ಎಚ್ಚತ್ತವನಾಗಿರಬೇಕು. ಮರುದೇವಿಯೂ 16 ಸ್ವಪ್ನಗಳನ್ನು ಕಂಡು, ಬೆಳಗಾದ ಮೇಲೆ ನಾಭಿರಾಜನ ಬಳಿಗೆ ಹೋಗಿ ಅರ್ಥ ಕೇಳಿದಳು. ಕನಸು ಕಂಡವರು ಯಾರೇ ಆಗಲಿ, ನಡೆದದ್ದು ಹಗಲಿನಲ್ಲಿ: ಒಂದು ಸಂಘ ಗಂಟು ಕಟ್ಟಿ ಹೊರಟಿತು, ಕಟವಪ್ರದ ಬೆಟ್ಟ ತೀರ್ಥವಾಯಿತು.

ಕಲ್ಯದ ಕಲ್ಲು ನೆನಪಿಸುವುದೂ ಇಂತಹ ಹಗಲಿನ ಕೆಲಸವನ್ನೇ. ಶಕ 1290, ಕೀಲಕ ಸಂವತ್ಸರ. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ ಮತ್ತು ಕಲ್ಲೇಹದ ಪಟ್ಟಣಗಳ ಜೈನರು, ಶ್ರೀವೈಷ್ಣವರಿಂದ ತಮಗಾಗುತ್ತಿದ್ದ ಅನ್ಯಾಯವನ್ನು ವಿಜಯನಗರದ ಬುಕ್ಕರಾಯನಿಗೆ ಬಿನ್ನವಿಸಿಕೊಂಡರು. ಈ ಕಲ್ಲೇಹವೇ ಇಂದಿನ ಕಲ್ಯವೆಂದು ವಿದ್ವಾಂಸರು ಭಾವಿಸಿದ್ದಾರೆ. ರಾಯನು ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿ, ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟನು. ಪಂಚಮಹಾವಾದ್ಯವೂ ಕಳಶವೂ ಜೈನರಿಗೆ ಹಿಂದಿನಂತೆಯೇ ಸಲ್ಲಬೇಕೆಂದು ವಿಧಿಸಿದನು. ಈ ಶಾಸನದ ಪ್ರಸಿದ್ಧ ಪ್ರತಿ ಶ್ರವಣಬೆಳಗೊಳದಲ್ಲಿದೆ. ಇನ್ನೊಂದು ಪ್ರತಿಯೇ ಕಲ್ಯದ್ದು.

ಬೆಳಗೊಳದ ಪಾಠದಲ್ಲಿ ಮುಂದಿನ ವ್ಯವಸ್ಥೆಯೂ ಉಂಟು. ಜೈನರು ಮನೆಯೊಂದಕ್ಕೆ ವರ್ಷಕ್ಕೆ 1 ಹಣದಂತೆ ಕೊಡತಕ್ಕದ್ದು. ಅದರಿಂದ ತಿರುಮಲೆಯ ತಾತಯ್ಯನು ಬೆಳಗೊಳದ ದೇವರ ಅಂಗರಕ್ಷಣೆಗೆ 20 ಮಂದಿ ಕಾವಲಾಳುಗಳನ್ನು ಇಡತಕ್ಕದ್ದು. ಮಿಕ್ಕ ಹೊನ್ನಿನಿಂದ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಬಳಿಯಿಸತಕ್ಕದ್ದು. ಶಾಸನಕ್ಕೆ ಬಳಿಕ ಸೇರಿಸಿದ ಭಾಗದಲ್ಲಿ ಕಲ್ಲೇಹದ ಹರ್ವಿಸೆಟ್ಟಿಯ ಮಗ ಬುಸುವಿಸೆಟ್ಟಿಯ ಹೆಸರು ಬರುತ್ತದೆ. ರಾಯನಿಗೆ ಬಿನ್ನಹ ಮಾಡಿ, ತಿರುಮಲೆಯ ತಾತಯ್ಯನನ್ನು ಬರಮಾಡಿಕೊಂಡು ಜೀರ್ಣೋದ್ಧಾರ ಮಾಡಿಸಿದವನು ಅವನು. ಎರಡೂ ಸಮಯದವರು ಕೂಡಿ ಅವನಿಗೆ ಸಂಘನಾಯಕನೆಂಬ ಪಟ್ಟವನ್ನು ಕಟ್ಟಿದರು.