ಹಾವನ್ನು ಗುರುತಿಸುವ ವಿದ್ಯೆ: ಖಗೇಂದ್ರಮಣಿದರ್ಪಣದಿಂದ ಕುವೈತಿನ ಮರಳಿನವರೆಗೆ

ಕುವೈತಿನಲ್ಲಿ ಚಳಿಗಾಲ ಬಂದಿತೆಂದರೆ ಮರುಭೂಮಿಯ ಬಿಡಾರಗಳ ಕಾಲ ಬಂದಿತೆಂದು ಅರ್ಥ. ಅಬ್ಬಾಸಿಯಾ, ಸಾಲ್ಮಿಯಾ, ಮಂಗಫ್‌ಗಳ ನಮ್ಮ ಕುಟುಂಬಗಳೂ ರಜೆಯ ದಿನ ವಫ್ರಾ ಮತ್ತು ಅಬ್ದಲಿಯ ತೋಟಗಳ ಕಡೆಗೆ ಹೊರಡುತ್ತವೆ. ಚಳಿ ಕಳೆದು ಬಿಸಿಲು ಬಲಿಯತೊಡಗಿದಾಗ ಮರಳಿನೊಳಗೆ ಅಡಗಿದ್ದ ಹಾವುಗಳೂ ಹೊರಬರುತ್ತವೆ. ಕಲ್ಲಿನ ಸಂದಿಯಲ್ಲೋ ಚಾಪೆಯ ಅಂಚಿನಲ್ಲೋ ಹಾವೊಂದು ಕಂಡೊಡನೆ ಎಲ್ಲರ ಬಾಯಿಂದ ಬರುವ ಮೊದಲ ಪ್ರಶ್ನೆ ಒಂದೇ: ವಿಷದ್ದೋ, ಅಲ್ಲವೋ?

ಊರಿನಲ್ಲಿ ಈ ಪ್ರಶ್ನೆಗೆ ಅಜ್ಜಿಯ ಬಳಿ ಉತ್ತರವಿತ್ತು. ಹೆಡೆಯೆತ್ತಿದರೆ ನಾಗರ, ಉದ್ದವಾಗಿ ಸರಸರನೆ ಓಡಿದರೆ ಕೇರೆ, ಸರಪಳಿಯಂಥ ಮಚ್ಚೆಯಿದ್ದರೆ ಕೊಳಕುಮಂಡಲ, ಎರಡು ತುದಿಯೂ ಒಂದೇ ಬಗೆ ಮೊಂಡಾಗಿದ್ದರೆ ಮಣ್ಣುಮುಕ್ಕ. ಆ ಉತ್ತರದ ಹಿಂದೆ ಶತಮಾನಗಳ ಅನುಭವವಿದೆ. ಆದರೆ ಅದು ಆ ನೆಲದ ಅನುಭವ. ಕಡಲು ದಾಟಿ ಬಂದ ನಮ್ಮೊಡನೆ ಅಜ್ಜಿಯ ಮಾತು ಬಂದಿದೆ, ಅಜ್ಜಿಯ ಊರಿನ ಹಾವುಗಳು ಬಂದಿಲ್ಲ. ಹಾವನ್ನು ಗುರುತಿಸುವ ವಿದ್ಯೆಯ ಚರಿತ್ರೆಯನ್ನು ನೋಡಿದರೆ, ಈ ತೊಡಕು ನಮಗಿಂತ ಹಿಂದಿನವರನ್ನೂ ಕಾಡಿತ್ತೆಂದು ತಿಳಿಯುತ್ತದೆ.

ಪ್ರಾಚೀನರ ವಿಂಗಡಣೆ

ಸುಶ್ರುತ ಸಂಹಿತೆಯ ಕಲ್ಪಸ್ಥಾನವು ಹಾವುಗಳಲ್ಲಿ 80 ಬಗೆಗಳನ್ನು ಹೇಳುತ್ತದೆ. ವಿಷದ ಹಾವುಗಳಲ್ಲಿ ಮುಖ್ಯವಾದ ಪಂಗಡಗಳು ಮೂರು: ಹೆಡೆಯುಳ್ಳ ದರ್ವೀಕರ, ದುಂಡು ಮಚ್ಚೆಗಳ ಮಂಡಲಿ, ಗೆರೆಪಟ್ಟೆಗಳ ರಾಜಿಮಂತ. ಇವುಗಳೊಡನೆ ನಿರ್ವಿಷ ಹಾವುಗಳಿಗೂ ಅಲ್ಲಿ ಪ್ರತ್ಯೇಕ ಸ್ಥಾನವುಂಟು. ನಾವಿಂದು ನಾಗರ, ಮಂಡಲ, ಕಟ್ಟುಹಾವು ಎನ್ನುವ ಮೂರು ಕುಲಗಳು ಸ್ಥೂಲವಾಗಿ ಈ ಮೂರು ಪಂಗಡಗಳಿಗೆ ಹೊಂದುತ್ತವೆ. ಕನ್ನಡದ 'ಮಂಡಲದ ಹಾವು' ಎಂಬ ಹೆಸರಿನಲ್ಲಿ ಆ ಹಳೆಯ ವಿಂಗಡಣೆಯೇ ಉಸಿರಾಡುತ್ತಿದೆ. ಗ್ರಂಥವು ಹಾವಿನ ಮೈಯನ್ನಷ್ಟೇ ನೋಡಲಿಲ್ಲ. ಯಾವ ಪಂಗಡದ ಹಾವು ಕಚ್ಚಿದರೆ ರೋಗಿಯ ಮೈಯಲ್ಲಿ ಯಾವ ಲಕ್ಷಣ ಕಾಣುವುದೆಂಬುದನ್ನೂ ವಿವರಿಸಿತು. ಈ ಎರಡನೆಯ ಮಾತು ಮುಂದೆ ನಮಗೆ ಮತ್ತೆ ಬೇಕಾಗುತ್ತದೆ.

ಇದೇ ಪರಂಪರೆಯಲ್ಲಿ 14ನೆಯ ಶತಮಾನದ ಜೈನ ಕವಿ ಮಂಗರಾಜನು ಕನ್ನಡದಲ್ಲಿ 'ಖಗೇಂದ್ರಮಣಿದರ್ಪಣ'ವನ್ನು ರಚಿಸಿದನು. ಖಗೇಂದ್ರನೆಂದರೆ ಹಾವುಗಳ ವೈರಿಯಾದ ಗರುಡ. ಸ್ಥಾವರ ಮತ್ತು ಜಂಗಮ ವಿಷಗಳನ್ನೂ ಅವುಗಳ ಚಿಕಿತ್ಸೆಯನ್ನೂ ಕುರಿತು ವಿಜಯನಗರದ ಆರಂಭಕಾಲದಲ್ಲೇ ನಮ್ಮ ನುಡಿಯಲ್ಲಿ ಇಡಿಯ ಗ್ರಂಥವೊಂದು ಹುಟ್ಟಿತೆಂಬುದು ಹೆಮ್ಮೆಯ ಸಂಗತಿ.

ಅದೇ ಶತಮಾನದಲ್ಲಿ ಅರಬ್ಬೀ ಸಮುದ್ರದ ಈಚೆ ಕೈರೋದ ವಿದ್ವಾಂಸ ಅಲ್ ದಮೀರಿ 'ಹಯಾತ್ ಅಲ್ ಹಯವಾನ್' ಎಂಬ ಪ್ರಾಣಿಕೋಶವನ್ನು ಅರಬ್ಬಿಯಲ್ಲಿ ಬರೆದನು. ಪ್ರಾಣಿಗಳನ್ನು ಅಕಾರಾದಿಯಾಗಿ ಜೋಡಿಸಿ ಭಾಷೆ, ಧರ್ಮ, ವೈದ್ಯ, ಕನಸಿನ ಫಲಗಳನ್ನೆಲ್ಲ ಅದರಲ್ಲಿ ಸೇರಿಸಿದನು. ಸಮುದ್ರದ ಎರಡು ದಡಗಳ ಈ ಎರಡು ಗ್ರಂಥಗಳಿಗೆ ಪರಸ್ಪರ ಪರಿಚಯವಿರಲಿಲ್ಲ. ದಮೀರಿಯನ್ನು ಇಂಗ್ಲಿಷಿಗೆ ತರಲು ತೊಡಗಿದವನು ಒಬ್ಬ ಭಾರತೀಯ ವೈದ್ಯನೆಂಬುದು ಸೋಜಿಗ.

ಇಬ್ಬರು ವೈದ್ಯರು

ಆತನ ಕಥೆಗೆ ಮೊದಲು ಇನ್ನೊಬ್ಬ ವೈದ್ಯನನ್ನು ನೆನೆಯಬೇಕು. ಸ್ಕಾಟ್ಲೆಂಡಿನ ಪ್ಯಾಟ್ರಿಕ್ ರಸೆಲ್ ಮೊದಲು ಸಿರಿಯಾದ ಅಲೆಪ್ಪೋದಲ್ಲಿ ವೈದ್ಯನಾಗಿದ್ದನು. 1781ರಲ್ಲಿ ಭಾರತಕ್ಕೆ ಬಂದು, ಬಳಿಕ ಮದರಾಸು ಆಧಿಪತ್ಯದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ನಿಸರ್ಗತಜ್ಞನಾದನು. ಹಾವು ಕಡಿತದ ಸಾವುಗಳನ್ನು ಕಂಡ ಅವನಿಗೆ ತೋಚಿದ ಮೊದಲ ಕೆಲಸ, ವಿಷದ ಹಾವನ್ನು ವಿಷವಿಲ್ಲದ್ದರಿಂದ ಬೇರ್ಪಡಿಸುವ ಉಪಾಯವನ್ನು ಜನರ ಕೈಗೆ ಕೊಡುವುದು. 1796ರಲ್ಲಿ ಅವನ ಸಚಿತ್ರ ಗ್ರಂಥ ಪ್ರಕಟವಾಯಿತು. ಕೋರಮಂಡಲ ತೀರದ ಜನ ಬಳಸುತ್ತಿದ್ದ ಹೆಸರುಗಳನ್ನೇ ಅವನು ಅದರಲ್ಲಿ ದಾಖಲಿಸಿದನು. ಮರುವರ್ಷ ಕೊಳಕುಮಂಡಲಕ್ಕೆ ಶಾಸ್ತ್ರೀಯ ನಾಮ ಕೊಟ್ಟವರು ಅವನ ಹೆಸರನ್ನೇ ಇಟ್ಟರು.

ಎರಡನೆಯವರು ಮುಂಬಯಿಯ ಆತ್ಮಾರಾಮ ಸದಾಶಿವ ಜಯಕರ್. ಭಾರತೀಯ ವೈದ್ಯಕೀಯ ಸೇವೆಗೆ ಸೇರಿದ ಅವರು 19ನೆಯ ಶತಮಾನದ ಉತ್ತರಾರ್ಧದಲ್ಲಿ ಸುಮಾರು 30 ವರ್ಷ ಮಸ್ಕತ್ತಿನಲ್ಲಿ ಶಸ್ತ್ರವೈದ್ಯರಾಗಿದ್ದರು. ಒಮಾನಿನ ಆಡುನುಡಿಯನ್ನೂ ಗಾದೆಗಳನ್ನೂ ಅಭ್ಯಸಿಸಿದರು. ಬಿಡುವಿನಲ್ಲಿ ಮೀನು, ಹಲ್ಲಿ, ಹಾವುಗಳನ್ನು ಸಂಗ್ರಹಿಸಿ ಲಂಡನ್ನಿನ ವಸ್ತುಸಂಗ್ರಹಾಲಯಕ್ಕೆ ಕಳುಹಿಸಿದರು. ದಮೀರಿಯ ಅನುವಾದಕರೂ ಇವರೇ. ಅದರ ಎರಡು ಸಂಪುಟಗಳು 1906 ಮತ್ತು 1908ರಲ್ಲಿ ಹೊರಬಂದವು. ಅರೇಬಿಯಾದ ಮರಳಿನ ಒಂದು ಪುಟ್ಟ ಹಾವಿಗೆ 1888ರಲ್ಲಿ ಬೂಲಂಜೆ ಎಂಬ ವಿಜ್ಞಾನಿ 'ಎರಿಕ್ಸ್ ಜಯಕರಿ' ಎಂದು ಹೆಸರಿಟ್ಟನು. ಅದು ನಮ್ಮ ಮಣ್ಣುಮುಕ್ಕನ ದಾಯಾದಿ. ನೆತ್ತಿಯ ಮೇಲೆ ಕಣ್ಣುಗಳಿರುವುದರಿಂದ ಮೈಯನ್ನೆಲ್ಲ ಮರಳಿನಲ್ಲಿ ಹುದುಗಿಸಿ ಕಣ್ಣನ್ನಷ್ಟೇ ಹೊರಗಿಟ್ಟು ಹಲ್ಲಿಗಳಿಗಾಗಿ ಕಾಯುತ್ತದೆ. ಮನುಷ್ಯರಿಗೆ ಅದರಿಂದ ಅಪಾಯವಿಲ್ಲ. ಕುವೈತಿನಲ್ಲಿಯೂ ಇರುವ ಈ ನಿರುಪದ್ರವಿಯ ಹೆಸರಿನಲ್ಲಿ, ಕೊಲ್ಲಿಗೆ ದುಡಿಯಬಂದ ಒಬ್ಬ ಭಾರತೀಯನ ನೆನಪು ಉಳಿದಿದೆ.

ಶಲ್ಕಗಳ ಲೆಕ್ಕ

ಬಣ್ಣವನ್ನು ನಂಬಿ ಹಾವನ್ನು ಗುರುತಿಸುವುದು ಅಪಾಯವೆಂದು ಅರಿತ ಫ್ರಾಂಕ್ ವಾಲ್ ಎಂಬ ಸೇನಾವೈದ್ಯನು ಮೈಮೇಲಿನ ಶಲ್ಕಗಳ ಜೋಡಣೆಯನ್ನೇ ಆಧಾರವಾಗಿಟ್ಟು ಕೈಪಿಡಿಯೊಂದನ್ನು ಬರೆದನು. ಮುಂಬಯಿಯ ನಿಸರ್ಗ ಚರಿತ್ರೆ ಸಂಘವು 1907ರಲ್ಲಿ ಅದನ್ನು ಪ್ರಕಟಿಸಿತು. ಮೇಲ್ದುಟಿಯ ಮೂರನೆಯ ಶಲ್ಕವು ಕಣ್ಣನ್ನೂ ಮೂಗಿನ ಶಲ್ಕವನ್ನೂ ಮುಟ್ಟುತ್ತಿದ್ದರೆ ಅದು ನಾಗರ ಅಥವಾ ಹವಳದ ಹಾವು. ಬೆನ್ನಿನ ನಡುಸಾಲಿನ ಶಲ್ಕಗಳು ದೊಡ್ಡದಾಗಿ ಆರು ಮೂಲೆಯವಾಗಿದ್ದರೆ ಕಟ್ಟುಹಾವಿನ ಶಂಕೆ ಪಡಬೇಕು. ಕಟ್ಟುಹಾವಿನಂತೆಯೇ ಅಡ್ಡಪಟ್ಟೆ ಹೊತ್ತು ಮನೆಯೊಳಗೆ ನುಸುಳುವ ತೋಳಹಾವು ವಿಷರಹಿತ. ಈ ಎರಡನ್ನು ಬೇರ್ಪಡಿಸಲು ಆ ನಡುಸಾಲು ಇಂದಿಗೂ ನೆರವಾಗುತ್ತದೆ. ಆದರೆ ಈ ವಿಧಾನದಲ್ಲಿ ಒಂದು ಕೊರತೆಯಿತ್ತು. ತುಟಿಯ ಶಲ್ಕಗಳನ್ನು ಎಣಿಸಬೇಕಾದರೆ ಹಾವು ಸತ್ತು ಕೈಯಲ್ಲಿರಬೇಕು. ಎದುರಿಗೆ ಬುಸುಗುಡುವ ಹಾವಿಗೆ ಈ ಲೆಕ್ಕ ಒದಗದು.

ಕುವೈತಿನ ಮರಳಿನಲ್ಲಿ

ಈಗ ನಾವಿರುವ ನೆಲಕ್ಕೆ ಬರೋಣ. ಊರಿನಿಂದ ತಂದ ಲಕ್ಷಣಗಳು ಇಲ್ಲಿ ಒಂದೊಂದಾಗಿ ಕೈಕೊಡುತ್ತವೆ.

ಮೊದಲನೆಯದು ಹೆಡೆ. ಇಲ್ಲಿನ ಮೊಯಿಲಾ ಹಾವು ಬೆದರಿದಾಗ ತಲೆಯೆತ್ತಿ ಕತ್ತನ್ನು ಚಪ್ಪಟೆಯಾಗಿ ಅಗಲಿಸುತ್ತದೆ. ನೋಡಿದವರು ನಾಗರವೆಂದೇ ಬಗೆಯುತ್ತಾರೆ. ಅದರ ಹಲ್ಲು ಬಾಯಿಯ ಹಿಂಭಾಗದಲ್ಲಿದೆ, ವಿಷ ಸೌಮ್ಯ, ಮನುಷ್ಯರಿಗೆ ಪ್ರಾಣಾಪಾಯಕಾರಿಯೆಂದು ಪರಿಗಣಿತವಾಗಿಲ್ಲ. ಇದಕ್ಕೆ ತಿರುಗುಮುರುಗಾದುದು ಮರುಭೂಮಿಯ ಕರಿಹಾವು. ನಾಗರದ ಕುಲಕ್ಕೇ ಸೇರಿದ ಇದರ ವಿಷ ನರಗಳನ್ನು ಘಾತಿಸುವಂಥದು. ಆದರೆ ಇದು ಹೆಡೆ ಬಿಚ್ಚುವುದಿಲ್ಲ. ಮಿರುಗುವ ಕಪ್ಪು ಮೈಯ, ಸುಮಾರು ಒಂದು ಮೀಟರ್ ಉದ್ದದ ಈ ನಿಶಾಚರಿಯನ್ನು ಕಂಡ ಕನ್ನಡಿಗನು 'ಕಪ್ಪು ಕೇರೆ' ಎಂದು ಹಗುರವಾಗಿ ತಿಳಿದರೆ ಆ ತಪ್ಪಿಗೆ ಪ್ರಾಣವನ್ನೇ ತೆರಬೇಕಾದೀತು.

ಎರಡನೆಯದು ಕೊಂಬು. ಅರೇಬಿಯಾದ ಕೊಂಬಿನ ಮಂಡಲಹಾವನ್ನು ಕಣ್ಣಿನ ಮೇಲಿನ ಮುಳ್ಳಿನಂಥ ಶಲ್ಕಗಳಿಂದ ಗುರುತಿಸಬಹುದೆಂದು ಹೇಳುವುದುಂಟು. ಆದರೆ ಅದೇ ಜಾತಿಯ ಎಷ್ಟೋ ಹಾವುಗಳಿಗೆ ಕೊಂಬೇ ಇರುವುದಿಲ್ಲ. ಮರಳಿನ ಬಣ್ಣದ ಮೈಯನ್ನು ಮರಳಿನಲ್ಲಿಯೇ ಹುದುಗಿಸಿಕೊಂಡು ಕುಳಿತ ಹಾವಿನ ಹಣೆಯನ್ನು ಪರೀಕ್ಷಿಸುವ ಅವಕಾಶವಾದರೂ ಯಾರಿಗುಂಟು? ನಮ್ಮ ಗರಗಸ ಮಂಡಲದಂತೆ ಇದೂ ಮೈಯ ಶಲ್ಕಗಳನ್ನು ಉಜ್ಜಿ ಕರಕರ ಸದ್ದು ಮಾಡುತ್ತದೆ. ಅಡ್ಡಡ್ಡವಾಗಿ ಚಲಿಸಿ ಮರಳಿನ ಮೇಲೆ ಓರೆ ಗೆರೆಗಳ ಸಾಲನ್ನು ಬಿಡುತ್ತದೆ. ಆ ಸದ್ದು, ಆ ಗೆರೆ ಕಂಡರೆ ಹಿಂದೆ ಸರಿಯುವುದೇ ಜಾಣತನ.

ಮೂರನೆಯದು ಕಣ್ಣು. ಪಾಪೆ ಸೀಳಿನಂತಿದ್ದರೆ ವಿಷದ್ದು, ದುಂಡಗಿದ್ದರೆ ಸಾಧು ಎಂಬ ಮಾತು ಬಹಳ ಪ್ರಚಲಿತ. ನಾಗರದ ಪಾಪೆ ದುಂಡು, ಮಣ್ಣುಮುಕ್ಕನದು ಸೀಳು. ಆ ನಿಯಮ ನಮ್ಮೂರಿನಲ್ಲಿಯೇ ನಿಲ್ಲುವುದಿಲ್ಲ.

ಭರವಸೆ ಇಡಬಹುದಾದ ಲಕ್ಷಣವೊಂದು ದೊರೆಯುವುದು ಕಡಲಿನಲ್ಲಿ ಮಾತ್ರ. ಹುಟ್ಟಿನಂತೆ ಪಕ್ಕದಿಂದ ಚಪ್ಪಟೆಯಾದ ಬಾಲವಿರುವ ಹಾವು ಕಡಲಹಾವು, ಅದು ವಿಷಕಾರಿ. ಉಡುಪಿ, ಮಂಗಳೂರಿನ ಮೀನುಗಾರರಿಗೆ ಬಲೆಯಲ್ಲಿ ಸಿಗುವ ಇದರ ಬಂಧುಗಳು ಕುವೈತಿನ ಕರಾವಳಿಯಲ್ಲಿಯೂ ಇವೆ. ದಡಕ್ಕೆ ಬಂದು ಬಿದ್ದ ಹಾವನ್ನು ಮಕ್ಕಳು ಮುಟ್ಟದಂತೆ ನೋಡಿಕೊಳ್ಳಬೇಕು.

ಹಾವಿನಿಂದ ರೋಗಿಯ ಕಡೆಗೆ

ಗುರುತಿನ ಪ್ರಶ್ನೆಗೆ ಇಷ್ಟು ಮಹತ್ವ ಬಂದುದು ಪ್ರತಿವಿಷದಿಂದ. 1890ರ ದಶಕದಲ್ಲಿ ಫ್ರಾನ್ಸಿನ ಆಲ್ಬರ್ಟ್ ಕಾಲ್ಮೆಟ್ ನಾಗರದ ವಿಷಕ್ಕೆ ಪ್ರತಿವಿಷವನ್ನು ಸಿದ್ಧಪಡಿಸಿದಾಗ ಅದು ಎಲ್ಲ ಹಾವುಗಳಿಗೂ ಆದೀತೆಂದು ನಂಬಿದ್ದನು. ಭಾರತದಲ್ಲಿ ಜಾರ್ಜ್ ಲ್ಯಾಂಬ್ ನಡೆಸಿದ ಪ್ರಯೋಗಗಳು ಆ ನಂಬಿಕೆಯನ್ನು ಸುಳ್ಳಾಗಿಸಿದವು. ಒಂದು ಹಾವಿನ ಪ್ರತಿವಿಷ ಇನ್ನೊಂದಕ್ಕೆ ನಾಟದು. ಇಂದು ಭಾರತದ ಪ್ರತಿವಿಷ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲಗಳೆಂಬ ನಾಲ್ಕಕ್ಕೆ ತಯಾರಾದುದು. ಮರುಭೂಮಿಯ ಕರಿಹಾವಿಗೆ, ಕೊಂಬಿನ ಹಾವಿಗೆ ಅರೇಬಿಯಾದ ಹಾವುಗಳಿಂದಲೇ ಸಿದ್ಧವಾದ ಪ್ರತಿವಿಷ ಬೇಕು. ರಿಯಾದಿನಲ್ಲಿ ಅಂಥದೊಂದು ತಯಾರಾಗುತ್ತದೆ. ಔಷಧಿಗೂ ಹುಟ್ಟೂರು ಇರುತ್ತದೆ.

ಹಾಗಾದರೆ ಕಚ್ಚಿದ ಹಾವನ್ನು ಹುಡುಕಿ ಹಿಡಿಯಬೇಕೆ? ಬೇಡ. ಇಂದಿನ ವೈದ್ಯರು ಹಾವಿಗಿಂತ ಹೆಚ್ಚಾಗಿ ರೋಗಿಯನ್ನು ಓದುತ್ತಾರೆ. ರಕ್ತವನ್ನು ಗಾಜಿನ ನಳಿಕೆಯಲ್ಲಿ 20 ನಿಮಿಷ ಅಲುಗಿಸದೆ ಇಟ್ಟು, ಅದು ಹೆಪ್ಪುಗಟ್ಟದಿದ್ದರೆ ಮಂಡಲದಂಥ ಹಾವಿನ ವಿಷವೆಂದು ಊಹಿಸುತ್ತಾರೆ. ರೆಪ್ಪೆ ಜೋತರೆ, ಉಸಿರು ತಡವರಿಸಿದರೆ ನರವಿಷವೆಂದು ಅರಿಯುತ್ತಾರೆ. ಕಚ್ಚಿಸಿಕೊಂಡವನ ಮೈಯಲ್ಲಿಯೇ ಹಾವಿನ ಗುರುತನ್ನು ಹುಡುಕಿದ ಸುಶ್ರುತನ ದಾರಿಗೆ ವಿದ್ಯೆ ಹೊಸ ಸಾಧನಗಳೊಡನೆ ಮರಳಿದೆ.

ನಮ್ಮ ಪಾಲಿಗೆ ಉಳಿಯುವ ಕರ್ತವ್ಯ ಸರಳ. ಹಾವಿನಿಂದ ದೂರ ಸರಿಯಬೇಕು. ಸಾಧ್ಯವಾದರೆ ದೂರದಿಂದಲೇ ಚಿತ್ರ ತೆಗೆಯಬಹುದು. ಕಚ್ಚಿದರೆ ಗಾಯವನ್ನು ಕೊಯ್ಯಬಾರದು, ಹೀರಬಾರದು, ಬಿಗಿಯಾಗಿ ಕಟ್ಟಬಾರದು. ಕಚ್ಚಿದ ಅಂಗವನ್ನು ಅಲುಗಿಸದೆ, ನೋವಿಲ್ಲವೆಂದು ಕಾಯದೆ, 112ಕ್ಕೆ ಕರೆ ಮಾಡಿ ಆಸ್ಪತ್ರೆ ಸೇರಬೇಕು. ನಾಡಿನಲ್ಲಿಯೂ ಈ ಎಚ್ಚರ ಬೆಳೆಯುತ್ತಿದೆ. 2024ರಲ್ಲಿ ಕರ್ನಾಟಕ ಸರ್ಕಾರವು ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಅದೇ ವರ್ಷ ಪಶ್ಚಿಮಘಟ್ಟದ ಕಾಳಿಂಗ ಸರ್ಪವು ಬೇರೆಯೇ ಜಾತಿಯೆಂದು ಸಿದ್ಧವಾಗಿ, ಅದರ ಶಾಸ್ತ್ರೀಯ ನಾಮದಲ್ಲಿ 'ಕಾಳಿಂಗ' ಎಂಬ ನಮ್ಮ ಮಾತೇ ಸೇರಿತು.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಗಾದೆಯನ್ನು ನಾವು ಜಾಣ ರಾಜಿಗೆ ಬಳಸುತ್ತೇವೆ. ಮರಳುಗಾಡಿನ ಬಿಡಾರದಲ್ಲಿ ಅದನ್ನು ಅಕ್ಷರಶಃ ಪಾಲಿಸಿದರೂ ಸಾಕು. ಇಲಿ, ಹಲ್ಲಿಗಳನ್ನು ತಿಂದು ಬದುಕುವ ಆ ಜೀವ ತನ್ನ ದಾರಿ ಹಿಡಿಯಲಿ; ನಮ್ಮ ಮಕ್ಕಳು ಸುಖವಾಗಿ ಮನೆ ಸೇರಲಿ.